ಹಾಡನ್ನು ಇಡಿಯಾಗಿ ಹಾಡಿಸು: ಮಗಳಿಗೊಂದು ಪತ್ರ

ಕಲಬುರಗಿ, ಜನವರಿ

ಪ್ರೀತಿಯ ಮಗಳಿಗೆ, ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನೀನು ಫೋನಿನಲ್ಲಿ ಹಾಡಿ ಕಳಿಸಿದ ತೊಗರಿ ಹೊಲದ ಹಾಡನ್ನು ಕೇಳಿದೆ, ನಿಮ್ಮ ಅಪ್ಪನಿಗೂ ಕೇಳಿಸಿದೆ. ಸಾಹಿತ್ಯವೂ ಧಾಟಿಯೂ ನಿನ್ನವೇ ಆದರೂ ಹಾಡುವುದನ್ನು ಆಳಂದದ ಆ ಹುಡುಗಿಗೆ ಬಿಟ್ಟಿರುವುದು, ಬೆಂಗಳೂರಿನಲ್ಲಿದ್ದೂ ರೆಕಾರ್ಡಿಂಗನ್ನು ನಮ್ಮ ಊರಿನಲ್ಲೇ ಇಟ್ಟುಕೊಂಡಿರುವುದು, ಎರಡೂ ನನ್ನ ಮನಸ್ಸಿಗೆ ಬಂದವು. ಫೋನಿನಲ್ಲಿ ಹೇಳಿದ ಮಾತು ಅರ್ಧ ಮರೆತುಹೋಗುತ್ತದೆ. ಆದ್ದರಿಂದ ಇಷ್ಟು ವರ್ಷ ಮೈಕಿನ ಮುಂದೆ ನಿಂತು ಇನ್ನೊಬ್ಬರ ಹಾಡುಗಳನ್ನು ಹಾಡಿದವಳಿಗೆ ಏನು ತಿಳಿದಿದೆಯೋ ಅದನ್ನು ಬರೆದೇ ಕಳಿಸುತ್ತಿದ್ದೇನೆ.

ಮೊದಲು ಶ್ರುತಿಯ ಮಾತು. ನೀನು ಹಾಡಿರುವುದು ಹಾರ್ಮೋನಿಯಂನ ಮೂರನೆಯ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು, ಅಂದರೆ ಕಪ್ಪು ಮೂರರಲ್ಲಿ. ನಿನ್ನ ಪಲ್ಲವಿಯ ಕೊನೆ ಮಂದ್ರ ನಿಷಾದಕ್ಕೆ ಇಳಿಯುತ್ತದೆ, ಚರಣ ತಾರ ಗಾಂಧಾರದವರೆಗೆ ಏರುತ್ತದೆ. ಆ ಹುಡುಗಿಯ ಕಂಠ ಬಿಚ್ಚಿಕೊಳ್ಳುವುದು ಅದಕ್ಕಿಂತ ಮೇಲಿನ ಕಪ್ಪು ನಾಲ್ಕರಲ್ಲಿ. ನಿನ್ನ ಶ್ರುತಿಯಲ್ಲಿ ಹಾಡಿಸಿದರೆ ಕೆಳಗಿನ ನಿಷಾದ ಬರೀ ಉಸಿರಾಗಿ ಉಳಿಯುತ್ತದೆ. ಅವಳನ್ನು ಒಮ್ಮೆ ಮನೆಗೆ ಕರೆಸಿ ಹಾರ್ಮೋನಿಯಂ ಮೇಲೆ ಹಾಡಿಸಿ ನೋಡುತ್ತೇನೆ, ಆಮೇಲೆಯೇ ನೀನು ಕೀಬೋರ್ಡು ಕಂಪ್ಯೂಟರಿನಲ್ಲಿ ವಾದ್ಯಗಳನ್ನು ಕೂಡಿಸುವ ಪ್ರೋಗ್ರಾಮಿಂಗಿನವರಿಗೆ ಹೇಳು. ಕೀಬೋರ್ಡಿನ ಶ್ರುತಿಯನ್ನು ಯಾವಾಗ ಬೇಕಾದರೂ ಕ್ಷಣದಲ್ಲಿ ಬದಲಿಸಬಹುದು, ಆದರೆ ಷಡ್ಜಕ್ಕೆ ಕೂಡಿಸಿ ನುಡಿಸಿದ ತಬಲಾ ಮತ್ತು ಏಕತಾರಿಯನ್ನು ಮತ್ತೆ ಕೂರಿಸಿಯೇ ನುಡಿಸಬೇಕಾಗುತ್ತದೆ, ಆ ಖರ್ಚು ನಿನ್ನ ತಲೆಯ ಮೇಲೆ ಬರುತ್ತದೆ.

ಲಯದ ವಿಷಯದಲ್ಲಿ ಸ್ಟುಡಿಯೋದವರ ಮಾತನ್ನು ಪೂರ್ತಿ ಒಪ್ಪಬೇಡ. ಅವರು ಕ್ಲಿಕ್, ಅಂದರೆ ವೇಗ ತಪ್ಪದಂತೆ ಕಿವಿಯಲ್ಲಿ ಕೇಳಿಸುವ ಯಂತ್ರದ ತಾಳ, ಹಾಕಿಕೊಂಡೇ ನುಡಿಸಬೇಕೆಂದು ಹಟ ಹಿಡಿಯುತ್ತಾರೆ, ಆ ಹಟಕ್ಕೆ ಕಾರಣವೂ ಇದೆ: ಕ್ಲಿಕ್ ಇಲ್ಲದಿದ್ದರೆ ಒಂದು ವಾದ್ಯದ ಮೇಲೆ ಇನ್ನೊಂದನ್ನು ಕೂರಿಸುವುದು ಕಷ್ಟ. ಆದರೆ ನೀನು ಏಕತಾರಿಗೆಂದು ಹೇಳಿರುವವರು ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ರಾತ್ರಿಯಿಡೀ ಹಾಡುವ ಭಜನಾ ಮೇಳದವರು, ಟಕ್ ಟಕ್ ಎಂಬ ಆ ಸದ್ದನ್ನು ಕಿವಿಗೆ ಹಾಕಿದರೆ ಅವರ ಕೈ ಮರಗಟ್ಟುತ್ತದೆ. ಇದಕ್ಕೆ ಒಳ್ಳೆಯ ಉಪಾಯವೆಂದರೆ ಕ್ಲಿಕ್ಕಿನ ಬದಲು ಅದೇ ವೇಗದ ಭಜನಿ ಠೇಕಾವನ್ನು, ಅಂದರೆ ಭಜನೆಗೆ ಬಾರಿಸುವ ತಬಲಾದ ನಡೆಯನ್ನು, ಹೆಡ್‌ಫೋನಿನಲ್ಲಿ ಕೊಡುವುದು. ಮೇಳದಲ್ಲಿ ಕೊನೆಯ ಚರಣಕ್ಕೆ ನಡೆ ತಾನಾಗಿಯೇ ಏರುತ್ತದೆ, ನಿನ್ನ ಧಾಟಿಯೂ ಅದನ್ನೇ ಬೇಡುತ್ತದೆ. ನಿಮಿಷಕ್ಕೆ 88 ಪೆಟ್ಟಿನಿಂದ ಆರಂಭಿಸಿ ಕೊನೆಗೆ 94ಕ್ಕೆ ಮೆಲ್ಲಗೆ ಏರುವಂತೆ ಕಂಪ್ಯೂಟರಿನಲ್ಲಿ ಮೊದಲೇ ಗುರುತು ಹಾಕಬಹುದು. ಸ್ಟುಡಿಯೋದವರನ್ನು ಕೇಳಿ ನೋಡು, ಅವರು ಬೇಡವೆಂದರೂ ಬಿಡಬೇಡ.

ಇನ್ನು ಹಾಡುವ ಕೋಣೆ. ಅಲ್ಲಿರುವುದು ಕಂಡೆನ್ಸರ್ ಮೈಕ್, ಅದು ವೇದಿಕೆಯ ಮೈಕಿನ ಹಾಗೆ ಬಾಯಿಯ ಮುಂದಿನದನ್ನಷ್ಟೇ ಹಿಡಿಯುವುದಿಲ್ಲ. ಎಸಿಯ ಗಾಳಿ, ಕಾಗದ ಮಗುಚುವ ಸದ್ದು, ರೇಷ್ಮೆ ಸೀರೆಯ ಸರಬರ, ಎಲ್ಲವೂ ಬೀಳುತ್ತವೆ. ಗಾಜಿನ ಬಳೆಯಂತೂ ಕೇಳುವುದೇ ಬೇಡ. ನನಗೆ ಬಳೆ ತೆಗೆಯಲು ಮನಸ್ಸಿರಲಿಲ್ಲವಾದ್ದರಿಂದ ಕರ್ಚೀಫನ್ನು ಮುಂಗೈಗೆ ಬಿಗಿಯಾಗಿ ಸುತ್ತಿಕೊಂಡು ಹಾಡುತ್ತಿದ್ದೆ. ಆ ಹುಡುಗಿಗೂ ಹಾಗೆಯೇ ಹೇಳು, ತೆಗೆ ಎಂದು ಒತ್ತಾಯಿಸಬೇಡ. ಮೈಕಿನಿಂದ ಒಂದು ಗೇಣು ದೂರ ನಿಲ್ಲಲಿ, ನಡುವೆ ಬಾಯಿಯ ಗಾಳಿ ತಡೆಯುವ ಜಾಲರಿ, ಪಾಪ್ ಫಿಲ್ಟರ್, ಇರಲಿ, ತಾರ ಗಾಂಧಾರಕ್ಕೆ ಹೋಗುವಾಗ ಅರ್ಧ ಹೆಜ್ಜೆ ಹಿಂದಕ್ಕೆ ಸರಿಯಲಿ. ಆರ್ಕೆಸ್ಟ್ರಾದಲ್ಲಿ ಹಾಡಿದವರು ತಮ್ಮ ದನಿ ತಮಗೆ ಕೇಳಲೆಂದು ಹೆಡ್‌ಫೋನಿನ ಒಂದು ಬದಿಯನ್ನು ಕಿವಿಯಿಂದ ಸರಿಸಿಬಿಡುತ್ತಾರೆ, ಆಗ ಒಳಗಿನ ತಾಳವೆಲ್ಲ ಮೈಕಿಗೆ ಸೋರುತ್ತದೆ. ಸರಿಸಿದ ಬದಿಯನ್ನು ಕೆನ್ನೆಗೆ ಒತ್ತಿ ಹಿಡಿದುಕೊಂಡರೆ ಆ ತೊಂದರೆ ಇಲ್ಲ. ಅವಳ ಕಿವಿಗೆ ತಂಬೂರಿ ಚೆನ್ನಾಗಿ ಕೇಳಲಿ, ದನಿ ಅನುರಣಿಸುವಂತೆ ಸ್ವಲ್ಪ ರಿವರ್ಬ್ ಕೂಡ ಇರಲಿ, ಆದರೆ ದಾಖಲಾಗುವ ದನಿಗೆ ಅದು ಸೇರಬಾರದು. ದಾಖಲಾತಿಯ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳುವಂತೆ ಹೇಳು. ಊಟದ ಮಾತೂ ಇದೆ: ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ತಿಂದು ಬಂದವರಿಗೆ ಗಂಟಲಲ್ಲಿ ಪುಡಿ ಕೂತು ಕೆಮ್ಮು ಬರುತ್ತದೆ. ಬೆಚ್ಚಗಿನ ನೀರು ಕುಡಿಸಿ ಹನ್ನೊಂದರ ಸುಮಾರಿಗೆ ಆರಂಭಿಸು, ಊಟ ಆಮೇಲೆ ಆಗಲಿ.

ನಾನು ಮುಖ್ಯವಾಗಿ ಹೇಳಬೇಕಾಗಿರುವುದು ಇದು. ಸಾಲುಸಾಲಾಗಿ ಹಾಡಿಸಬೇಡ, ಹಾಡನ್ನು ಇಡಿಯಾಗಿ ಹಾಡಿಸು. 1966ರಲ್ಲಿ ಆರಂಭವಾದ ನಮ್ಮ ಕಲಬುರಗಿ ಆಕಾಶವಾಣಿಯಲ್ಲಿ ಸ್ಪೂಲ್ ಟೇಪಿನ ಕಾಲಕ್ಕೆ ಎಲ್ಲರೂ ಒಟ್ಟಿಗೆ ಕೂತು ನುಡಿಸಿ ಹಾಡುತ್ತಿದ್ದೆವು, ತಬಲಾದವರ ಕೈ ತಪ್ಪಿದರೂ ಮೊದಲಿನಿಂದ ಮತ್ತೆ ಹಾಡಬೇಕಿತ್ತು. ಆ ಕಷ್ಟ ನಿಮಗೆ ಬೇಡ, ಕೆಟ್ಟ ಕಡೆಯಷ್ಟನ್ನೇ ಮತ್ತೆ ಹಾಡಿ ಸೇರಿಸುವ, ಪಂಚ್ ಮಾಡುವ, ಅನುಕೂಲ ಬಂದದ್ದು ಒಳ್ಳೆಯದೇ. ಆದರೆ ಪಲ್ಲವಿಯನ್ನು ಒಮ್ಮೆ ಹಾಡಿಸಿ ಅದನ್ನೇ ನಾಲ್ಕು ಕಡೆ ಅಂಟಿಸುವುದು, ಒಂದು ಸಾಲನ್ನು ಎರಡು ತುಂಡಾಗಿ ಹಾಡಿಸಿ ನಡುವಿನ ಉಸಿರನ್ನು ಕತ್ತರಿಸುವುದು ಈಗ ರೂಢಿಯಾಗಿಬಿಟ್ಟಿದೆ. ಚರಣ ಮುಗಿಸಿ ಪಲ್ಲವಿಗೆ ಮರಳುವ ದನಿ ಮೊದಲ ಸಲದ ಪಲ್ಲವಿಯ ದನಿಯೇ ಆಗಿರಲು ಹೇಗೆ ಸಾಧ್ಯ? ನಡುವೆ ಅವಳು ರಾಶಿ ಮುಗಿದು ಬರಿದಾದ ಹೊಲವನ್ನು ಹಾಡಿ ಬಂದಿರುತ್ತಾಳೆ. ಆದ್ದರಿಂದ ಆರಂಭದಿಂದ ಕೊನೆಯವರೆಗೆ ಮೂರು ಟೇಕ್ ತೆಗೆದುಕೊ, ಯಾವುದನ್ನೂ ಅಳಿಸದಂತೆ ಇಂಜಿನಿಯರ್‌ಗೆ ಹೇಳು, ಎಲ್ಲಿ ನಿಜವಾಗಿ ಕೆಟ್ಟಿದೆಯೋ ಅಲ್ಲಿ ಮಾತ್ರ ತೇಪೆ ಹಾಕಿಸು. ಮೊದಲ ಟೇಕಿನಲ್ಲಿ ತಪ್ಪುಗಳಿದ್ದರೂ ಎಷ್ಟೋ ಸಲ ಜೀವ ಇರುವುದು ಅದರಲ್ಲೇ. ಟೇಕ್ ನಡೆಯುವಾಗ ಗಾಜಿನ ಆಚೆ ನಿಂತು ನೀನು ಬಾಯಿ ಆಡಿಸಬಾರದು, ಕೈಯಿಂದ ಸ್ವರ ತೋರಿಸಬಾರದು. ಹಾಗೆ ಮಾಡಿದರೆ ಅವಳು ಹಾಡನ್ನು ಬಿಟ್ಟು ನಿನ್ನ ಮುಖವನ್ನು ಓದತೊಡಗುತ್ತಾಳೆ.

ಅವಳು ಹಿಂದಿ ಹಾಡುಗಳನ್ನು ಹೆಚ್ಚಾಗಿ ಹಾಡಿರುವುದರಿಂದ ಅವಳ ಬಾಯಲ್ಲಿ ಳಕಾರ ಲಕಾರವಾಗುತ್ತದೆ. ನೀನೋ “ತೊಗರಿಯ ಹೂವಿಗೆ ಹಳದಿಯ ಬಳಿದವರಾರವ್ವಾ” ಎಂದು ಒಂದೇ ಸಾಲಿನಲ್ಲಿ ಎರಡು ಕಡೆ ಅದನ್ನೇ ಇಟ್ಟಿದ್ದೀ. ಅದನ್ನು ನಾನು ಅವಳಿಗೆ ಮನೆಯಲ್ಲೇ ತಿದ್ದಿಸುತ್ತೇನೆ. ಎರಡನೆಯ ಚರಣವನ್ನು ಮಾತ್ರ ನೀನೇ ತಿದ್ದಬೇಕು: “ಕರಿಯ ಮಣ್ಣು” ಎಂಬಲ್ಲಿ ನಿನ್ನ ಧಾಟಿ ಮೊದಲ ಅಕ್ಷರವನ್ನು ಎರಡು ಮಾತ್ರೆ ಎಳೆಯುತ್ತದೆ, ಕೇಳುವವರಿಗೆ ಅದು “ಕಾರಿಯ” ಎಂದೇ ಬೀಳುತ್ತದೆ. ಎಳೆತವನ್ನು “ಮಣ್ಣು” ಕಡೆಗೆ ಸರಿಸು, ಅಥವಾ ದೀರ್ಘವಿರುವ ಬೇರೆ ಪದ ಹಾಕು.

ಶ್ರುತಿ ಸರಿಪಡಿಸುವ ಸಾಫ್ಟ್‌ವೇರ್ ಬೇಡವೇ ಬೇಡ ಎಂದು ಹೇಳುವಷ್ಟು ಹಳಬಳಲ್ಲ ನಾನು. ಆದರೆ ನಿನ್ನ ಧಾಟಿ ಭೀಮಪಲಾಸ ರಾಗದ್ದು. ಅದರ ಕೋಮಲ ಗಾಂಧಾರ ಮಧ್ಯಮವನ್ನು ಮುಟ್ಟಿ ತೂಗುತ್ತಾ ಇಳಿಯಬೇಕು. ಆ ಯಂತ್ರ ಅದನ್ನು ಹಾರ್ಮೋನಿಯಂ ಮನೆಗೆ ನೂಕಿ ನಿಲ್ಲಿಸಿದರೆ ರಾಗ ಹೋಗಿ ಬರೀ ಸ್ವರ ಉಳಿಯುತ್ತದೆ. ಹೀಗೆ ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇರುವ ಕಡೆ ಕೈ ಹಾಕಬಾರದೆಂದು ಮಿಕ್ಸಿಂಗ್‌ಗೆ ಕೂರುವ ಮೊದಲೇ ಹೇಳಿಬಿಡು.

ಕಾಗದಪತ್ರದ ಕೆಲಸವನ್ನು ಹಾಡುವ ಮೊದಲೇ ಮುಗಿಸು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತಕ್ಕೂ ಬೇರೆ ಬೇರೆ ಹಕ್ಕುಗಳಿವೆ, ಎರಡೂ ನಿನ್ನವು. ರೆಕಾರ್ಡಿಂಗ್ ಹಣ ಹಾಕಿ ಮಾಡಿಸಿದವರದು, ಅಂದರೆ ಅದೂ ನಿನ್ನದೇ. ಹಾಡಿದವಳಿಗೂ ಪ್ರದರ್ಶಕರ ಹಕ್ಕಿದೆ, 2012ರ ತಿದ್ದುಪಡಿಯ ನಂತರ ಹಾಡಿನ ವಾಣಿಜ್ಯ ಬಳಕೆಯಲ್ಲಿ ಅವಳಿಗೆ ರಾಯಲ್ಟಿಯೂ ಸಲ್ಲುತ್ತದೆ. ಅವಳ ಸಂಭಾವನೆ ಎಷ್ಟು, ಹೆಸರು ಎಲ್ಲೆಲ್ಲಿ ಬರುತ್ತದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಮುಂದೆ ಯಾವುದಾದರೂ ಕಂಪನಿ ಹಾಡು ಕೇಳಿದರೆ ಅವಧಿಯನ್ನೂ ಪ್ರದೇಶವನ್ನೂ ಬರೆಸಿಯೇ ಕೊಡು. ಬರೆಯದಿದ್ದರೆ ಕಾಯ್ದೆ ಅದನ್ನು ಐದು ವರ್ಷ ಮತ್ತು ಭಾರತದೊಳಗೆ ಎಂದು ಎಣಿಸುತ್ತದೆ. ಸ್ಟುಡಿಯೋ ಬಿಡುವಾಗ ಎಂಪಿ3 ಮಾತ್ರ ತೆಗೆದುಕೊಂಡು ಬರಬೇಡ, ದನಿ ಮತ್ತು ಒಂದೊಂದು ವಾದ್ಯದ ಪ್ರತ್ಯೇಕ ವೇವ್ ಫೈಲುಗಳನ್ನೂ ಹಾರ್ಡ್ ಡಿಸ್ಕಿಗೆ ಹಾಕಿಸಿಕೊ.

ದಿನವನ್ನು ಫೆಬ್ರುವರಿಯಲ್ಲೇ ಗೊತ್ತುಮಾಡು. ಹೋಳಿಯ ಬೆನ್ನಿಗೆ ಶರಣಬಸವೇಶ್ವರರ ಜಾತ್ರೆ ಬರುತ್ತದೆ, ಆಗ ಭಜನಾ ಮೇಳದವರು ಕೈಗೆ ಸಿಗುವುದಿಲ್ಲ. ಅದು ಮುಗಿಯಿತೆನ್ನುವಷ್ಟರಲ್ಲಿ ನಮ್ಮ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ; ಎಸಿ ಆರಿಸಿದ ಕೋಣೆಯಲ್ಲಿ ಅವಳು ನಿಲ್ಲುವುದು ಹೇಗೆ? ಒಣ ಹವೆಗೆ ತಬಲಾದ ಚರ್ಮವೂ ಬಿಗಿದು ಶ್ರುತಿ ಮೇಲಕ್ಕೆ ಹೋಗುತ್ತಿರುತ್ತದೆ, ಟೇಕಿಗೊಮ್ಮೆ ಸುತ್ತಿಗೆ ಹಿಡಿಯಬೇಕಾಗುತ್ತದೆ. ತಬಲಾದವರಿಗೆ ಮುಂಗಡ ನಾನೇ ಕೊಟ್ಟಿದ್ದೇನೆ. ನೀನು ಎರಡನೆಯ ಚರಣವನ್ನು ತಿದ್ದಿ ಈ ವಾರವೇ ಕಳಿಸು, ಹುಡುಗಿಗೆ ಬಾಯಿಪಾಠವಾಗಲು ಹದಿನೈದು ದಿನವಾದರೂ ಬೇಕು.

ಇಂತಿ,
ನಿನ್ನ ಅವ್ವ