ಡ್ರಾಫ್ಟ್‌ನಲ್ಲಿ ಹೆಸರು ಬರಲಿಲ್ಲ ಅಂತ ಕಾಲೇಜು ಬಿಡಬೇಡ

ಚಿ. ಅನಿರುದ್ಧನಿಗೆ,
ನಿನ್ನ ಸೋದರಮಾವನ ಆಶೀರ್ವಾದಗಳು.

ಐಸ್ ಹಾಕಿಯ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ನಿನ್ನ ಹೆಸರು ಬರಲಿಲ್ಲ ಅಂತ ಅಕ್ಕ ಹೇಳಿದಳು. ಕಾಲೇಜು ಬೇಡ, ಯಾವುದಾದರೂ ಸಣ್ಣ ಲೀಗ್‌ನಲ್ಲಿ ಸಂಬಳಕ್ಕೆ ಆಡುತ್ತೇನೆ ಅಂತ ಹಟ ಹಿಡಿದಿದ್ದೀಯಂತೆ. ಫೋನ್‌ನಲ್ಲಿ ಹೇಳಿದರೆ ಹೂಂ ಅಂದು ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಓದಲು ಎಲ್ಲಾದರೂ ತಡವರಿಸಿದರೆ ಅಮ್ಮನ ಹತ್ತಿರ ಓದಿಸಿಕೋ.

ಜೋ ಪವೆಲ್ಸ್ಕಿ ನಿನಗೆ ಗೊತ್ತು. ಎನ್‌ಎಚ್‌ಎಲ್‌ನಲ್ಲಿ 1,332 ಪಂದ್ಯ, 476 ಗೋಲು. ಸೀಸನ್ ಕೊನೆಯಲ್ಲಿ ಕಪ್‌ಗಾಗಿ ನಡೆಯುವ ಪ್ಲೇಆಫ್‌ನಲ್ಲಿ 74 ಗೋಲು. ಅಮೆರಿಕದಲ್ಲಿ ಹುಟ್ಟಿದವರಲ್ಲಿ ಅವನಷ್ಟು ಪ್ಲೇಆಫ್ ಗೋಲು ಹೊಡೆದವರೇ ಇಲ್ಲ. ಅವನು ಇದೇ ನಮ್ಮ ವಿಸ್ಕಾನ್ಸಿನ್‌ನ ಪ್ಲೋವರ್ ಎಂಬ ಸಣ್ಣ ಊರಿನವನು. 2003ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಕೂಗಿದ್ದು ಏಳನೇ ಸುತ್ತಿನಲ್ಲಿ, 205ನೆಯವನಾಗಿ. ಸ್ಕೇಟಿಂಗ್‌ನಲ್ಲಿ ವೇಗ ಸಾಲದು ಅನ್ನುವುದೇ ಅವನ ಮೇಲಿದ್ದ ದೊಡ್ಡ ದೂರು. ನಿನ್ನ ಬಗ್ಗೆಯೂ ಅದನ್ನೇ ಹೇಳಿದರಂತೆ, ಅಲ್ವಾ?

ಅವನು ಅವಸರ ಮಾಡಲಿಲ್ಲ. ಅಯೋವದ ವಾಟರ್ಲೂನಲ್ಲಿ ಇನ್ನೊಂದು ವರ್ಷ ಜೂನಿಯರ್ ಹಾಕಿ ಆಡಿ, 2004ರಲ್ಲಿ ಇಲ್ಲಿ ಮ್ಯಾಡಿಸನ್‌ಗೆ ಬಂದ. ಆಗಲೇ 20 ತುಂಬಿತ್ತು. ಇಲ್ಲಿನ ವಿಶ್ವವಿದ್ಯಾಲಯದ ತಂಡ ವಿಸ್ಕಾನ್ಸಿನ್ ಬ್ಯಾಡ್ಜರ್ಸ್ ಪರವಾಗಿ ಎರಡು ಸೀಸನ್ ಆಡಿ, ಗೋಲು ಮತ್ತು ಅಸಿಸ್ಟ್ ಸೇರಿ 101 ಪಾಯಿಂಟ್ ಗಳಿಸಿದ.

ಕಾಲೇಜು ಹಾಕಿ ಹೇಗೆ ನಡೆಯುತ್ತದೆ ಅನ್ನುವುದನ್ನು ಸ್ವಲ್ಪ ಯೋಚಿಸು. ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ. ಉಳಿದ ದಿನಗಳಲ್ಲಿ ಪ್ರಾಕ್ಟೀಸ್, ಜಿಮ್, ಕ್ಲಾಸು. ಇಡೀ ಸೀಸನ್‌ಗೆ 40ರ ಆಸುಪಾಸು ಪಂದ್ಯ. ನೀನು ಹೋಗಬೇಕೆನ್ನುವ ಸಣ್ಣ ಸಂಬಳದ ಲೀಗ್ ಇಸಿಎಚ್‌ಎಲ್‌ನಲ್ಲಿ 72. ಅಲ್ಲಿ ಬಸ್ಸಿನಲ್ಲೇ ಅರ್ಧ ಆಯುಸ್ಸು ಹೋಗುತ್ತದೆ. ನಿನ್ನ ಸ್ಕೇಟಿಂಗ್ ತಿದ್ದಿಕೊಳ್ಳಲು, ಮೈಯಲ್ಲಿ ಬಲ ತುಂಬಿಕೊಳ್ಳಲು ಬಿಡುವೆಲ್ಲಿ? 18ರ ಹುಡುಗನಿಗೆ ಪಂದ್ಯಕ್ಕಿಂತ ಜಾಸ್ತಿ ಬೇಕಾಗಿರುವುದು ಆ ಬಿಡುವು. ಗೋಲಿನ ಮುಂದೆ ನಿಂತು, ದೂರದಿಂದ ಬರುವ ಪಕ್ (ಚೆಂಡಿನ ಬದಲು ಆಡುವ ರಬ್ಬರ್ ಬಿಲ್ಲೆ) ಅನ್ನು ಸ್ಟಿಕ್ ತಾಗಿಸಿ ತಿರುಗಿಸುವುದರಲ್ಲಿ ಪವೆಲ್ಸ್ಕಿಯ ಕೈ ಎಲ್ಲರಿಗೂ ಗೊತ್ತು. ಅದು ವರ್ಷಗಟ್ಟಲೆ ಪ್ರಾಕ್ಟೀಸ್‌ನಲ್ಲಿ ನಿಂತು ಕಲಿತದ್ದು.

2006ರಲ್ಲಿ ಪವೆಲ್ಸ್ಕಿಯ ಬ್ಯಾಡ್ಜರ್ಸ್ ತಂಡ ಕಾಲೇಜು ಹಾಕಿಯ ರಾಷ್ಟ್ರೀಯ ಚಾಂಪಿಯನ್ ಆಯಿತು. ದಾರಿಯಲ್ಲಿ ಗ್ರೀನ್ ಬೇಯಲ್ಲಿ ಕಾರ್ನೆಲ್ ಜೊತೆಗಿನ ಪಂದ್ಯ ಮೂರನೇ ಓವರ್‌ಟೈಮ್‌ವರೆಗೆ ಎಳೆದು 1-0ಗೆ ಮುಗಿಯಿತು. ಮಿಲ್ವಾಕಿಯ ಫೈನಲ್‌ನಲ್ಲಿ ಬಾಸ್ಟನ್ ಕಾಲೇಜ್ ಮೇಲೆ 2-1. ನಮ್ಮ ತಂಡದ ಗೋಲಿ ಯಾರು ಗೊತ್ತಾ? ಬ್ರಯನ್ ಎಲಿಯಟ್. ಪವೆಲ್ಸ್ಕಿ ಆಯ್ಕೆಯಾದ ಅದೇ ಡ್ರಾಫ್ಟ್‌ನಲ್ಲಿ 292 ಹೆಸರುಗಳ ಪೈಕಿ 291ನೆಯವನು! ಅವನೂ ಮುಂದೆ ಎನ್‌ಎಚ್‌ಎಲ್‌ನಲ್ಲಿ ಬಹಳ ವರ್ಷ ಆಡಿದ. ಆ ವರ್ಷ ವಿಸ್ಕಾನ್ಸಿನ್ ಹುಡುಗಿಯರ ತಂಡವೂ ಚಾಂಪಿಯನ್. ನಿನ್ನ ತಂಗಿಗೆ ಇದನ್ನು ತಪ್ಪದೆ ಹೇಳು.

ಪವೆಲ್ಸ್ಕಿಯೂ ಎರಡೇ ವರ್ಷಕ್ಕೆ ಕಾಲೇಜು ಬಿಟ್ಟನಲ್ಲ ಅಂತ ನೀನು ಕೇಳಬಹುದು. ಹೌದು. ಆಟ ಪಕ್ವವಾದ ಮೇಲೆ ಬಿಟ್ಟ. ಆ ಚಳಿಗಾಲವೇ ಸ್ಯಾನ್ ಹೋಸೆ ಪರ ಎನ್‌ಎಚ್‌ಎಲ್‌ನಲ್ಲಿ ಆಡುತ್ತಿದ್ದ. ನೀನು ಬಿಡಲು ಹೊರಟಿರುವುದು ಬೇಸರದಿಂದ. ನಿನ್ನ ಆಟ ಮಾಗಿದಾಗ ಬಿಡುತ್ತೇನೆ ಅಂದರೆ ಅಕ್ಕನನ್ನು ಒಪ್ಪಿಸುವ ಹೊಣೆ ನನ್ನದು. ಆದರೆ ಡಿಗ್ರಿಗೆ ಉಳಿದ ಕ್ಲಾಸುಗಳನ್ನು ಬೇಸಿಗೆಯಲ್ಲಾದರೂ ಮುಗಿಸುತ್ತೇನೆ ಅಂತ ನನಗೆ ಮಾತು ಕೊಡಬೇಕು.

ಮುಂದಿನ ವರ್ಷದ ಡ್ರಾಫ್ಟ್‌ಗೂ ನಿನ್ನ ವಯಸ್ಸು ಮೀರಿರುವುದಿಲ್ಲ. ಆಗಲೂ ಯಾರೂ ಆರಿಸದಿದ್ದರೆ, ಕಾಲೇಜಿನಲ್ಲಿ ಚೆನ್ನಾಗಿ ಆಡಿದ ಮೇಲೆ ಕರೆದ ತಂಡಗಳಲ್ಲಿ ನಿನಗೆ ಬೇಕಾದದ್ದನ್ನು ನೀನೇ ಆರಿಸಿಕೊಳ್ಳಬಹುದು. ಸಂಬಳದ ಲೀಗ್‌ಗೆ ಹೋಗಿ ಆಮೇಲೆ ಕಾಲೇಜು ಹಾಕಿಗೆ ವಾಪಸ್ ಬರುವುದು ಮಾತ್ರ ಸುಲಭವಲ್ಲ.

ನಿನಗೆ ಜಾಗ ಕೊಡುತ್ತೇನೆಂದ ಆ ಕೋಚ್‌ಗೆ ಈ ವಾರವೇ ಫೋನ್ ಮಾಡು. ಸ್ಕೇಟಿಂಗ್ ಕಲಿಸಲು ಬೇರೆ ಕೋಚ್ ಇದ್ದಾರಾ, ಮೊದಲ ವರ್ಷದ ಹುಡುಗರಿಗೆ ಎಷ್ಟು ಹೊತ್ತು ಆಡಲು ಸಿಗುತ್ತದೆ ಅಂತ ನೇರವಾಗಿ ಕೇಳು. ಉತ್ತರ ಸರಿ ಅನಿಸದಿದ್ದರೆ ನನಗೆ ತಿಳಿಸು, ಬೇರೆ ಕಾಲೇಜು ನೋಡೋಣ. ಅಕ್ಟೋಬರ್‌ನಲ್ಲಿ ಸೀಸನ್ ಶುರುವಾದಾಗ ನಾನೂ ಅತ್ತೆಯೂ ನಿನ್ನ ಆಟ ನೋಡಲು ಬರುತ್ತೇವೆ.

ಇತಿ,
ನಿನ್ನ ಮಾವ