ಮಗಳ ಬಸೂನಿಗೆ ಹೆಗಲು ಕೊಟ್ಟ ಎಲ್ಲರಿಗೂ

ಎಲ್ಲರಿಗೂ ನಮಸ್ಕಾರ. ಈ ಆಗಸ್ಟಿನಲ್ಲಿ ನಮ್ಮ ಮಗಳು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಪ್ರಾಮ್ಸ್ ಸಂಗೀತೋತ್ಸವದಲ್ಲಿ, ನ್ಯಾಷನಲ್ ಯೂತ್ ಆರ್ಕೆಸ್ಟ್ರಾ ಆಫ್ ಗ್ರೇಟ್ ಬ್ರಿಟನ್ ಜೊತೆ ಬಸೂನ್ ನುಡಿಸಿದಳು. ಫೋಟೊ ಹಾಕಿದಾಗಿನಿಂದ ನಿಮ್ಮ ಶುಭಾಶಯಗಳು ಬರುತ್ತಲೇ ಇವೆ. ಕೇರ್ ಹೋಮಿನ ನೈಟ್ ಶಿಫ್ಟ್ ಮಧ್ಯೆ ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಿಲ್ಲ. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಓದಿ. ನೆನೆಯಬೇಕಾದವರು ತುಂಬಾ ಜನ ಇದ್ದಾರೆ.

ಬಸೂನ್ ಅಂದರೆ ಏನು ಅಂತ ಊರಿನಿಂದ ಬಹಳ ಜನ ಕೇಳಿದಿರಿ. ಮೇಪಲ್ ಮರದ ಕೊಳವೆ. ಬಿಡಿಸಿ ಉದ್ದಕ್ಕೆ ಇಟ್ಟರೆ ಸುಮಾರು ಎರಡೂವರೆ ಮೀಟರ್ ಬರುತ್ತದೆ, ಅಷ್ಟನ್ನೂ ಮಡಚಿ ಒಂದು ವಾದ್ಯ ಮಾಡಿದ್ದಾರೆ. ಮೇಲೆ ಒಂದು ಸಣ್ಣ ಬಾಗಿದ ಲೋಹದ ನಳಿಗೆ, ಅದರ ತುದಿಗೆ ಎರಡು ಪದರದ ರೀಡು. ನಮ್ಮ ಓಲಗದವರು ನಾಗಸ್ವರದ ಬಾಯಿಗೆ ಸಿಕ್ಕಿಸುತ್ತಾರಲ್ಲ, ಅದೇ ಜಾತಿಯ ಪೀಪಿ. ದನಿ ಮಾತ್ರ ತುಂಬಾ ಕೆಳಗಿನದು.

ಮೊದಲು ಅವಳ ಪ್ರೈಮರಿ ಶಾಲೆಯ ಸಂಗೀತದ ಟೀಚರಿಗೆ ನಮಸ್ಕಾರ ಹೇಳಬೇಕು. ನಾವಿರುವ ಇಂಗ್ಲೆಂಡಿನ ಕೊವೆಂಟ್ರಿಯ ಸಾಮಾನ್ಯ ಸರ್ಕಾರಿ ಶಾಲೆ ಅದು. ಒಂದು ದಿನ, ಶಾಲೆಗಳಿಗೆ ವಾದ್ಯ ಕಲಿಸಲು ಬರುವ ಮ್ಯೂಸಿಕ್ ಸರ್ವಿಸ್‌ನವರು ವಾದ್ಯಗಳನ್ನೆಲ್ಲ ತಂದು ಹಾಲಿನಲ್ಲಿ ಹರಡಿದ್ದರಂತೆ. ಮಕ್ಕಳೆಲ್ಲ ವಯಲಿನ್, ಫ್ಲೂಟ್, ಗಿಟಾರ್ ಕಡೆ ಓಡಿದಾಗ ನಮ್ಮವಳು ಈ ದೊಡ್ಡ ಕೊಳವೆಯ ಮುಂದೆ ನಿಂತಳಂತೆ. ಆ ಟೀಚರ್ ಸಂಜೆ ನನಗೆ ಫೋನ್ ಮಾಡಿದರು. ಇದನ್ನು ಕಲಿಯುವವರು ಈ ದೇಶದಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದ್ದಾರೆ, ನಿಮ್ಮ ಮಗಳ ಉಸಿರು ಚೆನ್ನಾಗಿದೆ, ದಯವಿಟ್ಟು ಬೇಡ ಅನ್ನಬೇಡಿ ಅಂದರು. ನಾವು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟಾಗುತ್ತದೆ ಅಂತ. ಒಳ್ಳೆಯ ಬಸೂನಿಗೆ ಸಾವಿರಾರು ಪೌಂಡು. ನನ್ನ ಗಂಡ ವೇರ್‌ಹೌಸಿನಲ್ಲಿ, ನಾನು ಕೇರ್ ಹೋಮಿನಲ್ಲಿ. ನಮ್ಮ ಕೈಲಿ ಆಗುವ ಮಾತೇ ಅಲ್ಲ. ಆದರೆ ಮ್ಯೂಸಿಕ್ ಸರ್ವಿಸ್‌ನವರು ವಾದ್ಯವನ್ನು ಸಾಲವಾಗಿ ಮನೆಗೇ ಕಳಿಸಿದರು. ಇವತ್ತು ಹಿಂತಿರುಗಿ ನೋಡಿದರೆ ಎಲ್ಲವೂ ಆ ಒಂದು ಸಾಲದ ಮೇಲೆ ನಿಂತಿದೆ. ಶಾಲೆಗಳಲ್ಲಿ ಸಂಗೀತಕ್ಕೆ ಯಾಕೆ ದುಡ್ಡು ಹಾಕಬೇಕು ಅಂತ ಯಾರಾದರೂ ಕೇಳಿದರೆ ನನ್ನ ಮಗಳನ್ನು ತೋರಿಸುತ್ತೇನೆ.

ಇನ್ನು ನಮ್ಮಪ್ಪನ ವಿಷಯ. ಇದನ್ನು ಬರೆಯದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ.

ಅಪ್ಪ ನಂಜನಗೂಡಿನ ಸುತ್ತಮುತ್ತ ಮದುವೆ, ಜಾತ್ರೆ, ದೇವರ ಉತ್ಸವಗಳಿಗೆಲ್ಲ ಓಲಗ ಊದಿದವರು. ಚಿಕ್ಕಪ್ಪ ಡೋಲು. ಶ್ರುತಿ ಹಿಡಿಯುವುದು ಮನೆಯ ಹುಡುಗರು ಯಾರಾದರೂ. ನಮ್ಮದು ಸವಿತಾ ಸಮಾಜ. ಗಟ್ಟಿಮೇಳ ಅಂದ ಕೂಡಲೇ ಅಪ್ಪ ಉಸಿರು ಕಟ್ಟಿ ಊದಬೇಕು, ಆ ಸದ್ದು ಕೇಳದೆ ತಾಳಿ ಬೀಳುವುದಿಲ್ಲ. ಅಷ್ಟು ಬೇಕಾದವರು. ಆದರೆ ಊಟಕ್ಕೆ ಕೊನೆಯ ಪಂಕ್ತಿ, ಎಷ್ಟೋ ಕಡೆ ಚಪ್ಪರದ ಹೊರಗೆ. ನಾನು ಚಿಕ್ಕವಳಿದ್ದಾಗ ಅದನ್ನು ಕಣ್ಣಾರೆ ನೋಡಿದ್ದೇನೆ. ದುಡ್ಡು ಕೊಡುವಾಗಲೂ ಚೌಕಾಸಿ. ಕಛೇರಿ ಮಾಡುವ ವಿದ್ವಾಂಸರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತಿದ್ದ ಊರಿನಲ್ಲೇ ಅಪ್ಪನ ಸಂಗೀತಕ್ಕೆ ಸಂಗೀತ ಅನ್ನುವ ಹೆಸರೂ ಸಿಗಲಿಲ್ಲ. ಅವರಿಗೆ ಎಷ್ಟು ರಾಗ ಗೊತ್ತಿತ್ತು ಅಂತ ಒಬ್ಬರೂ ಕೇಳಲಿಲ್ಲ. ನನಗೂ ಅವರು ಕಲಿಸಲಿಲ್ಲ. ಹೆಣ್ಣುಮಗು, ಓದಿಕೊಂಡು ಎಲ್ಲಾದರೂ ಹೋಗಲಿ ಅನ್ನುವುದು ಅವರ ಆಸೆಯಾಗಿತ್ತು.

ಬಸೂನ್ ಮನೆಗೆ ಬಂದಾಗ ವಿಡಿಯೊ ಕಾಲ್‌ನಲ್ಲಿ ತೋರಿಸಿದೆವು. ಅಪ್ಪ ಉಳಿದಿದ್ದೇನನ್ನೂ ನೋಡಲೇ ಇಲ್ಲ. ರೀಡ್ ನೋಡಿದ್ದೇ, "ಮಗಾ, ಅದನ್ನ ನೆನೆಸ್ಕೊಂಡಿದ್ದೀಯಾ? ಒಣಗಿದ್ರೆ ಅದು ಮಾತಾಡಲ್ಲ ಕಣವ್ವಾ" ಅಂದರು. ಅವಳ ಬಸೂನ್ ಮೇಷ್ಟ್ರು ಮೊದಲ ಪಾಠದಲ್ಲಿ ಹೇಳಿದ್ದೂ ಅದನ್ನೇ. ಅಲ್ಲಿಂದ ತಾತ ಮೊಮ್ಮಗಳು ಪ್ರತಿ ಭಾನುವಾರ ಫೋನಿನಲ್ಲಿ ಕೂತುಬಿಡುತ್ತಾರೆ. ತುಟಿ ಎಷ್ಟು ಬಿಗಿ ಇರಬೇಕು, ಹೊಟ್ಟೆಯಿಂದ ಉಸಿರು ಹೇಗೆ ತೆಗೆಯಬೇಕು, ಸುಸ್ತಾದಾಗ ಸ್ವರ ಇಳಿಯದ ಹಾಗೆ ಏನು ಮಾಡಬೇಕು, ಇದೇ ಮಾತು. ಅವಳ ಕನ್ನಡ ಸುಧಾರಿಸಿದ್ದೂ ಹೀಗೇ. ರಷ್ಯಾದ ಸಂಗೀತ ರಚನಕಾರ ಸ್ಟ್ರಾವಿನ್ಸ್ಕಿಯ 'ರೈಟ್ ಆಫ್ ಸ್ಪ್ರಿಂಗ್' ಶುರುವಾಗುವುದೇ ಒಂಟಿ ಬಸೂನಿನಿಂದ. ವಾದ್ಯದ ತೀರಾ ಮೇಲಿನ ಸ್ಥಾಯಿಯಲ್ಲಿ ಬರುವ, ಲಿಥುವೇನಿಯಾದ ಜನಪದ ಧಾಟಿಯೊಂದರಿಂದ ತೆಗೆದ ಸಾಲು ಅದು. ಬಸೂನ್ ಕಲಿಯುವ ಪ್ರತಿಯೊಬ್ಬರೂ ಅದರ ಜೊತೆ ಗುದ್ದಾಡಲೇಬೇಕು. ಅವಳು ಅದನ್ನು ತಾತನಿಗೆ ನುಡಿಸಿ ತೋರಿಸಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಸಲ ಊದು ಅಂದರು.

ಅಪ್ಪಾ, ನೀವು ಇದನ್ನು ಅಣ್ಣನ ಮಗನ ಕೈಲಿ ಓದಿಸಿಕೊಳ್ಳುತ್ತೀರಿ ಅಂತ ಗೊತ್ತು. ಅವಳ ಮೊದಲ ಗುರು ನೀವೇ.

ಎಲ್ಲಾ ಕಡೆ ಬಾಗಿಲು ತೆರೆದೇ ಇತ್ತು ಅಂತ ಹೇಳಲಾರೆ. ಇಲ್ಲಿ ಗಂಭೀರವಾಗಿ ಕಲಿಯುವ ಮಕ್ಕಳು ಶನಿವಾರ ಶನಿವಾರ ದೊಡ್ಡ ಸಂಗೀತ ಕಾಲೇಜುಗಳ ಜೂನಿಯರ್ ವಿಭಾಗಕ್ಕೆ ಹೋಗುತ್ತಾರೆ. ಫೀಸು ವರ್ಷಕ್ಕೆ ಸಾವಿರಾರು ಪೌಂಡು. ಇಂಗ್ಲೆಂಡಿನಲ್ಲಿ ಖಾಸಗಿ ಶಾಲೆಗೆ ಹೋಗುವ ಮಕ್ಕಳು ನೂರಕ್ಕೆ ಆರೇಳರಷ್ಟು. ಆದರೆ ಹಲವು ಯುವ ಆರ್ಕೆಸ್ಟ್ರಾಗಳ ರಿಹರ್ಸಲ್‌ಗೆ ಹೋಗಿ ನೋಡಿ, ಅವರ ಪಾಲು ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಪ್ರತಿಭೆ ಅಷ್ಟು ಲೆಕ್ಕ ಹಾಕಿಕೊಂಡು ಹುಟ್ಟುತ್ತದಾ? ಒಂದು ಕಡೆ ಮಗಳನ್ನು ಬಿಡಲು ಹೋದಾಗ ಬಾಗಿಲಲ್ಲಿದ್ದವರು, ಇಂಡಿಯನ್ ಡ್ಯಾನ್ಸ್ ಕ್ಲಾಸ್ ಪಕ್ಕದ ಕಟ್ಟಡದಲ್ಲಿ ಅಂದರು. ಅವಳ ಬೆನ್ನ ಮೇಲೆ ಬಸೂನಿನ ಪೆಟ್ಟಿಗೆ ಇತ್ತು. ಆ ದಿನ ಮನೆಗೆ ಬಂದು, ಅಲ್ಲಿ ನನ್ನ ಥರ ಯಾರೂ ಇಲ್ಲಮ್ಮಾ, ನಾನು ಹೋಗಲ್ಲ ಅಂದಳು. ಕೆಲವು ತಿಂಗಳು ವಾದ್ಯ ಪೆಟ್ಟಿಗೆಯಿಂದ ಹೊರಗೆ ಬಂದಿದ್ದೇ ಕಡಿಮೆ.

ಅಲ್ಲಿಂದ ಎಬ್ಬಿಸಿದ್ದು ಎರಡು. ಮೊದಲನೆಯದು ಚಿನೆಕೆ. ಡಬಲ್ ಬೇಸ್ (ವಯಲಿನ್ ಜಾತಿಯ ಆಳೆತ್ತರದ ವಾದ್ಯ) ನುಡಿಸುವ ಚಿ-ಚಿ ನ್ವಾನೊಕು 2015ರಲ್ಲಿ ಕಟ್ಟಿದ ಆರ್ಕೆಸ್ಟ್ರಾ. ಚಿ-ಚಿಯ ಅಪ್ಪ ನೈಜೀರಿಯಾದವರು, ಅಮ್ಮ ಐರ್ಲೆಂಡಿನವರು. ಮೊದಲು ಓಟಗಾರ್ತಿಯಾಗಿದ್ದು, ಮಂಡಿಗೆ ಪೆಟ್ಟಾದ ಮೇಲೆ ಹದಿನೆಂಟರ ವಯಸ್ಸಿನಲ್ಲಿ ಆ ವಾದ್ಯ ಹಿಡಿದವರು. ಮೂವತ್ತು ವರ್ಷ ವೃತ್ತಿಯಲ್ಲಿದ್ದು, ವೇದಿಕೆಯ ಮೇಲೆ ತನ್ನಂಥವರು ಯಾಕಿಲ್ಲ ಅಂತ ಕೇಳಿ, ಕಪ್ಪು ಜನಾಂಗದ ಮತ್ತು ಬೇರೆ ಬೇರೆ ಮೂಲದ ಸಂಗೀತಗಾರರನ್ನು ಒಂದೆಡೆ ಸೇರಿಸಿದರು. ಅವರದೇ ಜೂನಿಯರ್ ಆರ್ಕೆಸ್ಟ್ರಾ ಕೂಡ ಇದೆ, 11ರಿಂದ 22 ವರ್ಷದವರಿಗೆ. ಮೇಷ್ಟ್ರು ನಮ್ಮನ್ನು ಚಿನೆಕೆಯ ಕಛೇರಿಗೆ ಕರೆದುಕೊಂಡು ಹೋದರು. ಮಗಳು ಎರಡು ಗಂಟೆ ವೇದಿಕೆಯನ್ನು ಬಿಟ್ಟು ಕಣ್ಣು ಆಚೀಚೆ ಮಾಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಮಹಡಿಯಿಂದ ಬಸೂನ್ ಕೇಳಿಸಿತು. ನಾನು ಅಡಿಗೆಮನೆಯಲ್ಲೇ ಅತ್ತುಬಿಟ್ಟೆ.

ಎರಡನೆಯದು ಎನ್‌ವೈಒ ಇನ್‌ಸ್ಪೈರ್. ಎನ್‌ವೈಒ ಅಂದರೆ ನ್ಯಾಷನಲ್ ಯೂತ್ ಆರ್ಕೆಸ್ಟ್ರಾ, 1948ರಲ್ಲಿ ರೂತ್ ರೇಲ್ಟನ್ ಅನ್ನುವ ಮಹಿಳೆ ಶುರು ಮಾಡಿದ್ದು. ದೊಡ್ಡ ಹೆಸರು. ಸೈಮನ್ ರ‍್ಯಾಟಲ್ ಅಂಥ ಹೆಸರಾಂತ ಆರ್ಕೆಸ್ಟ್ರಾ ನಿರ್ದೇಶಕರೂ ಹುಡುಗರಾಗಿದ್ದಾಗ ಅಲ್ಲಿ ತಾಳವಾದ್ಯ ನುಡಿಸಿದ್ದಾರೆ. ಅಲ್ಲಿಗೆ ನೇರವಾಗಿ ಹೋಗುವ ಧೈರ್ಯ ನಮಗೆಲ್ಲಿಂದ ಬರಬೇಕು? ಇನ್‌ಸ್ಪೈರ್ ಅನ್ನುವ ಅವರ ಕಾರ್ಯಕ್ರಮ ಇರುವುದೇ ನಮ್ಮಂಥ ಮನೆಗಳ ಮಕ್ಕಳಿಗೆ. ಸರ್ಕಾರಿ ಶಾಲೆಯ ಮಕ್ಕಳು, ಮನೆಯಲ್ಲೇ ಓದುವವರು, ಕಪ್ಪು, ಏಷ್ಯಾ ಮೂಲದ ಮಕ್ಕಳು, ಇವರಿಗೆ ಮೊದಲ ಆದ್ಯತೆ. ಫೀಸು ಇಲ್ಲ. ನನಗೆ ಅದರಲ್ಲಿ ಜಾಸ್ತಿ ಹಿಡಿಸಿದ್ದು ಏನೆಂದರೆ, ಅಲ್ಲಿ ದೊಡ್ಡವರ ಪಾಠಕ್ಕಿಂತ ಹೆಚ್ಚಾಗಿ ಹದಿಹರೆಯದವರೇ ಹದಿಹರೆಯದವರ ಪಕ್ಕ ಕೂತು ನುಡಿಸುತ್ತಾರೆ. ಮುಖ್ಯ ಆರ್ಕೆಸ್ಟ್ರಾದ ಒಬ್ಬ ಹುಡುಗಿ ನಮ್ಮವಳ ಜೊತೆ ಒಂದೇ ಸ್ಟ್ಯಾಂಡಿನಲ್ಲಿ ಹಾಳೆ ಹಂಚಿಕೊಂಡು ಕೂತಳು, ತನ್ನ ರೀಡ್ ಕೊಟ್ಟಳು, ಆಡಿಷನ್‌ಗೆ ಹಾಕು, ನಿನ್ನಿಂದ ಆಗುತ್ತೆ ಅಂದಳು. ನಾವು ಹೇಳಿದ್ದರೆ ನಂಬುತ್ತಿರಲಿಲ್ಲ. ಆ ಹುಡುಗಿಯ ಹೆಸರು ಇಲ್ಲಿ ಹಾಕುವುದಿಲ್ಲ. ಅವಳ ಅಪ್ಪ ಅಮ್ಮನಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ಮೊದಲ ಆಡಿಷನ್‌ನಲ್ಲಿ ಆಗಲಿಲ್ಲ. ಮತ್ತೆ ಹಾಕಿದಳು, ಆಯಿತು.

ಖರ್ಚಿನ ಮಾತು. ಬಸೂನಿನ ಒಂದು ರೀಡ್ ಹದಿನೈದು ಇಪ್ಪತ್ತು ಪೌಂಡು, ಕೆಲವು ವಾರಕ್ಕೆ ಮುಗಿಯುತ್ತದೆ. ಪಾಠದ ಹಣ ಬೇರೆ, ರೈಲು ಬೇರೆ. ಅವಾರ್ಡ್ಸ್ ಫಾರ್ ಯಂಗ್ ಮ್ಯುಸಿಷಿಯನ್ಸ್ ಅನ್ನುವ ಸಂಸ್ಥೆ 1998ರಿಂದ ಕಡಿಮೆ ಆದಾಯದ ಮನೆಗಳ ಮಕ್ಕಳಿಗೆ ನೆರವು ಕೊಡುತ್ತಿದೆ. ಅವರ ಹಣ ಬರದಿದ್ದರೆ ನಾವು ಮಧ್ಯದಲ್ಲೇ ಕೈಬಿಡಬೇಕಾಗಿತ್ತು. ಪಾಠದ ಟೈಮ್ ಮುಗಿದರೂ ಗಡಿಯಾರ ನೋಡದ ಮೇಷ್ಟ್ರಿಗೆ, ನನ್ನ ಶಿಫ್ಟ್ ಬದಲಾಯಿಸಿಕೊಂಡ ಫಿಲಿಪೀನ್ಸಿನ ಗೆಳತಿಗೆ, ಗೋಡೆಯಾಚೆಯಿಂದ ಅದೇ ನಾಲ್ಕು ಸಾಲು ದಿನಾ ಕೇಳಿಯೂ ಒಂದು ದಿನ ಬೇಸರ ಮಾಡಿಕೊಳ್ಳದ ಪಕ್ಕದ ಮನೆ ಅಜ್ಜಿಗೆ, ಲಂಡನ್ನಿಗೆ ಹೋದಾಗಲೆಲ್ಲ ಚಿತ್ರಾನ್ನ ಮಾಡಿಟ್ಟುಕೊಂಡು ಕಾಯುತ್ತಿದ್ದ ಹ್ಯಾರೋದ ಅಕ್ಕ ಭಾವನಿಗೆ, ನಿಮಗೆಲ್ಲ ಏನು ಹೇಳಲಿ. ಮನಸ್ಸು ತುಂಬಿದೆ.

ಪ್ರಾಮ್ಸ್ ದಿನ ನಾವು ನಿಂತು ನೋಡುವ ಟಿಕೆಟ್ ತೆಗೆದುಕೊಂಡಿದ್ದೆವು. ಅಗ್ಗದ ಟಿಕೆಟ್ಟು, ಆದರೆ ವೇದಿಕೆಗೆ ತೀರಾ ಹತ್ತಿರ. ನೂರೈವತ್ತಕ್ಕೂ ಹೆಚ್ಚು ಮಕ್ಕಳು ಒಟ್ಟಿಗೆ ನುಡಿಸಿದಾಗ ಕಾಲ ಕೆಳಗಿನ ನೆಲದಲ್ಲೂ ಸದ್ದು ಗೊತ್ತಾಗುತ್ತದೆ. ಮೈಸೂರು ಕಡೆಯವಳಾಗಿ ಆ ಹಾಲಿನ ಒಂದು ಸಂಗತಿ ನನಗೆ ಪದೇ ಪದೇ ನೆನಪಾಗುತ್ತಿತ್ತು. ಜರ್ಮನಿಯ ಸಂಗೀತ ರಚನಕಾರ ರಿಚರ್ಡ್ ಸ್ಟ್ರೌಸ್ ಬರೆದ ಕಡೆಯ ನಾಲ್ಕು ಹಾಡುಗಳನ್ನು ಮೊದಲ ಬಾರಿಗೆ ಹಾಡಿದ್ದು ಅಲ್ಲೇ, 1950ರ ಮೇ 22ರಂದು. ಆ ಕಛೇರಿಗೆ ಹಣದ ಭರವಸೆ ಕೊಟ್ಟವರು ನಮ್ಮ ಜಯಚಾಮರಾಜ ಒಡೆಯರು. ಮಹಾರಾಜರು ಬೆಂಬಲಕ್ಕೆ ನಿಂತಿದ್ದ ಕಛೇರಿ ನಡೆದ ಹಾಲಿಗೆ ಅದೇ ಸೀಮೆಯ ಓಲಗದವರ ಮೊಮ್ಮಗಳು ವಾದ್ಯ ಹಿಡಿದು ಹೋದಳು. ಅಪ್ಪನಿಗೆ ದಸರಾ ಮೆರವಣಿಗೆಯಲ್ಲಿ ಒಂದು ಸಲ ನುಡಿಸಬೇಕು ಅನ್ನುವ ಆಸೆ ಇತ್ತು, ಕರೆ ಬರಲಿಲ್ಲ. ಆ ರಾತ್ರಿ ಅವರು ನಿದ್ದೆಗೆಟ್ಟು ರೇಡಿಯೊ ಪ್ರಸಾರ ಕೇಳಿದರು. ಮಾರನೇ ದಿನ ಬಾಯಿಬಿಟ್ಟು ಹೊಗಳಿದ್ದು ಅವಳನ್ನಲ್ಲ, ಅವಳ ಪಕ್ಕ ಕೂತ ಮಕ್ಕಳನ್ನು. ಎಲ್ಲರ ಉಸಿರೂ ಒಂದೇ ಸಲ ಶುರುವಾಯ್ತು ಕಣವ್ವಾ ಅಂದರು.

ಕೊನೆಗೆ ಇಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಒಂದು ಮಾತು. ನಿಮ್ಮ ಮಕ್ಕಳು ಯಾವುದಾದರೂ ಆರ್ಕೆಸ್ಟ್ರಾ ವಾದ್ಯ ಕಲಿಯುತ್ತಿದ್ದರೆ ಇನ್‌ಸ್ಪೈರ್, ಚಿನೆಕೆ ಜೂನಿಯರ್, ಎರಡರ ಅರ್ಜಿಯನ್ನೂ ನೋಡಿ. ನಮ್ಮಂಥವರಿಗಲ್ಲ ಅಂತ ಸುಮ್ನೆ ಬಿಡಬೇಡಿ. ನೆರವಿನ ಫಾರಂಗಳಲ್ಲಿ ಮನೆಯ ಆದಾಯದ ಭಾಗ ತುಂಬುವುದು ಸ್ವಲ್ಪ ಗೊಂದಲ, ಪೇ ಸ್ಲಿಪ್ ಎಲ್ಲಾ ಹೊಂದಿಸಿಕೊಳ್ಳಬೇಕು. ಅದನ್ನು ನಾನು ಕೂತು ತುಂಬಿಸಿಕೊಡುತ್ತೇನೆ, ಮೆಸೇಜ್ ಮಾಡಿ. ನೈಟ್ ಶಿಫ್ಟ್ ಇರುವುದರಿಂದ ಮಧ್ಯಾಹ್ನ ಎರಡರ ಮೇಲೆ ಎದ್ದಿರುತ್ತೇನೆ.