ಹೊಸ ಹುಳು ಕಂಡರೆ ಯಾರಿಗೆ ಹೇಳುವುದು?

ಮಾನ್ಯರೇ,

ಹೊರದೇಶದಿಂದ ಬರುವ ಹುಳುಗಳನ್ನು ಬಂದ ಕೂಡಲೇ ಗುರುತಿಸುವ ವ್ಯವಸ್ಥೆ ಮಲೆನಾಡಿನ ಹಳ್ಳಿಹಳ್ಳಿಗೂ ಬೇಕಾಗಿದೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲೇ, 2018ರ ಮೇ ತಿಂಗಳಲ್ಲಿ. ಅದನ್ನು ಗುರುತಿಸಿದವರು ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು. ನಮಗೆ ಅದು ಹೆಮ್ಮೆಯೇ. ಆದರೆ ಇದರ ಪತಂಗ ಒಂದೇ ರಾತ್ರಿ 100 ಕಿ.ಮೀ.ವರೆಗೂ ಹಾರಬಲ್ಲದು. ನೋಡುತ್ತಿದ್ದಂತೆ ಹತ್ತಾರು ರಾಜ್ಯಗಳ ಹೊಲ ಸೇರಿತು. ಸುಳಿಯೊಳಗೆ ಅಡಗಿ ತಿನ್ನುವ ಈ ಹುಳು ತಡವಾಗಿ ಕಣ್ಣಿಗೆ ಬಿದ್ದರೆ ಔಷಧಿ ಹೊಡೆದೂ ಪ್ರಯೋಜನ ಕಮ್ಮಿ.

ಅಟ್ಲಾಂಟಿಕ್ ಸಾಗರದ ಅಜೋರಸ್ ದ್ವೀಪಗಳ ಕಾಡಿನಲ್ಲಿ ಡೇರೆಯಂಥ ಬಲೆ ಕಟ್ಟಿ, ಅದಕ್ಕೆ ಬಿದ್ದ ಕೀಟ, ಜೇಡಗಳನ್ನು ವರ್ಷವರ್ಷವೂ ಲೆಕ್ಕ ಹಾಕುತ್ತಾರೆ. ಹೊರಗಿನಿಂದ ಹೊಸದಾಗಿ ಬಂದದ್ದು ಯಾವುದೆಂದು ಆಗ ಗೊತ್ತಾಗುತ್ತದೆ. ನಮ್ಮದು ದ್ವೀಪವಲ್ಲ, ನಿಜ. ಆದರೂ ಕಾಡು, ಗದ್ದೆ, ಅಡಿಕೆ ತೋಟ ಒಂದಕ್ಕೊಂದು ಅಂಟಿಕೊಂಡ ಸೀಮೆಯಿದು. ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಜೀವಿಗಳು ಇಲ್ಲಿವೆ. ದೂರದೂರಿನಿಂದ ಬರುವ ನರ್ಸರಿ ಗಿಡದ ಎಲೆ, ಮಣ್ಣಿನಲ್ಲೇ ಹುಳುವಿನ ಮೊಟ್ಟೆಯೂ ಬರಬಹುದು, ಅಲ್ವಾ?

ಗೊತ್ತಿಲ್ಲದ ಹುಳು ಕಂಡ ರೈತ ಅದನ್ನು ಬಾಟಲಿಯಲ್ಲಿ ಹಾಕಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕೊಡುವಂತಾಗಲಿ. ಕೇಂದ್ರದವರು ಅದನ್ನು ವಿಶ್ವವಿದ್ಯಾಲಯಕ್ಕೆ ಕಳಿಸಿ, ವಾರದೊಳಗೆ ಫೋನಿನಲ್ಲಿ ಉತ್ತರ ತಿಳಿಸಲಿ. ನರ್ಸರಿಗಳ ಬಳಿ ದೀಪದ ಬಲೆ ಇಡುವ ಕೆಲಸವನ್ನು ಕೃಷಿ, ತೋಟಗಾರಿಕೆ ಇಲಾಖೆಗಳು ಸೇರಿ ಈ ವರ್ಷವೇ ಶುರು ಮಾಡಲಿ.

– ಒಬ್ಬ ಅಡಿಕೆ ಬೆಳೆಗಾರ, ತೀರ್ಥಹಳ್ಳಿ ತಾಲ್ಲೂಕು